ಫೈನ್‌ವರ್ಕ್‌ಬಾವ್ 700: ಸೆಕೆಂಡ್ ಹ್ಯಾಂಡ್ ಮ್ಯಾಚ್ ರೈಫಲ್ ಜೊತೆ ಕೆಲವು ವರ್ಷ

ಸಿಲಿಂಡರಿನಲ್ಲಿ ಒತ್ತಿ ತುಂಬಿದ ಗಾಳಿಯಿಂದ ಹೊಡೆಯುವ ಈ ಜರ್ಮನ್ ಪಂದ್ಯದ ರೈಫಲ್ ಎಷ್ಟು ನಿಖರ ಎಂಬ ಪ್ರಶ್ನೆಯನ್ನು ಮೊದಲೇ ಮುಗಿಸಿಬಿಡೋಣ. ಹತ್ತು ಮೀಟರ್ ಏರ್ ರೈಫಲ್ ಟಾರ್ಗೆಟ್‌ನಲ್ಲಿ ನಡುವಿನ ಚುಕ್ಕೆಯ ವ್ಯಾಸ ಅರ್ಧ ಮಿಲಿಮೀಟರ್. ಪೆಲೆಟ್, ಅಂದರೆ ಇದರ ಪುಟ್ಟ ಸೀಸದ ಗುಂಡು, ಅದರ ಒಂಬತ್ತು ಪಟ್ಟು ಅಗಲ, 4.5 ಮಿ.ಮೀ. ಹೊಸ ಮ್ಯಾಚ್ ರೈಫಲ್ ಜೊತೆ ಒಂದು ಟೆಸ್ಟ್ ಕಾರ್ಡ್ ಬರುತ್ತದೆ. ರೈಫಲನ್ನು ಅಲುಗಾಡದಂತೆ ಬಿಗಿದು ಹೊಡೆದ ಆ ಕಾರ್ಡಿನಲ್ಲಿ ಕಾಣುವುದು ಒಂದೇ ತೂತು, ಪೆಲೆಟ್‌ಗಿಂತ ಸ್ವಲ್ಪವೇ ದೊಡ್ಡದು. ಫೈನ್‌ವರ್ಕ್‌ಬಾವ್ ಆಗಲಿ, ವಾಲ್ಟರ್, ಆನ್‌ಶೂಟ್ಸ್, ಸ್ಟೇಯರ್ ಆಗಲಿ, ಈ ದರ್ಜೆಯ ಯಾವುದೇ ರೈಫಲ್‌ನದೂ ಇದೇ ಕಥೆ.

ಅಂಕಗಳ ದಶಾಂಶ ಲೆಕ್ಕದಲ್ಲಿ ಸರಿಯಾದ ನಡುವಿಗೆ ಹೊಡೆದರೆ 10.9. ಅಲ್ಲಿಂದ ಪ್ರತಿ ಕಾಲು ಮಿಲಿಮೀಟರ್ ಸರಿದರೆ 0.1 ಅಂಕ ಹೋಯಿತು. ನಿಂತು ಹೊಡೆಯುವಾಗ ನನ್ನ ಮೈ ತೂಗಾಡುವುದು ಅದರ ಎಷ್ಟೋ ಪಟ್ಟು. ಹೀಗಿರುವಾಗ ಎರಡು ಜರ್ಮನ್ ಬ್ಯಾರಲ್‌ಗಳ ಗ್ರೂಪ್‌ಗಳನ್ನು (ಒಂದೇ ಕಡೆ ಬಿದ್ದ ತೂತುಗಳ ಗುಂಪನ್ನು) ಪಕ್ಕಪಕ್ಕ ಇಟ್ಟು ಅಳೆಯುವವರನ್ನು ಕಂಡರೆ ನನಗೆ ನಗು ಬರುತ್ತದೆ. ಲಕ್ಷಗಟ್ಟಲೆ ಕೊಟ್ಟು ಕೊಳ್ಳುವಾಗ ನೋಡಬೇಕಾದ್ದು ಬೇರೆ: ಅದು ನಿಮ್ಮ ಮೈಗೆ ಕೂರುತ್ತದೆಯೇ, ಅದಕ್ಕೆ ಈ ಊರಿನಲ್ಲಿ ಗಾಳಿ ಸಿಗುತ್ತದೆಯೇ, ಕೆಟ್ಟರೆ ರಿಪೇರಿ ಮಾಡುವವರಿದ್ದಾರೆಯೇ.

ನನ್ನದು 700ರ ಅಲ್ಯೂಮಿನಿಯಂ ಸ್ಟಾಕ್ (ಹಿಡಿಯುವ, ಭುಜಕ್ಕಾನಿಸುವ ಚೌಕಟ್ಟು) ಇರುವ ಮಾದರಿ. ರೇಂಜ್‌ನಲ್ಲೇ ಪರಿಚಯವಾದವರೊಬ್ಬರು ಹೊಸ ರೈಫಲ್‌ಗೆ ಬದಲಾದಾಗ ಅವರಿಂದ ಕೊಂಡೆ. ನಾನು ಕುಳ್ಳು, ಕೈಯೂ ಗಿಡ್ಡ. ಕ್ಲಬ್‌ನ ಮರದ ಸ್ಟಾಕ್‌ನ ರೈಫಲ್ ಹಿಡಿದಾಗಲೆಲ್ಲ ಡಯಾಪ್ಟರ್‌ನ, ಅಂದರೆ ಗುರಿ ನೋಡುವ ಹಿಂದಿನ ಸೈಟ್‌ನ, ತೂತು ಹುಡುಕಲು ಕತ್ತನ್ನು ಮುಂದಕ್ಕೆ ಚಾಚಬೇಕಿತ್ತು. ನಲವತ್ತನೇ ಗುಂಡಿನ ಹೊತ್ತಿಗೆ ಕುತ್ತಿಗೆಯ ಬಲಭಾಗ ಬಿಗಿದು ಕೂರುತ್ತಿತ್ತು. ಈ ರೈಫಲ್‌ನಲ್ಲಿ ಭುಜಕ್ಕಾನುವ ಬಟ್‌ಪ್ಲೇಟನ್ನು ಒಳಕ್ಕೆ ತಂದು, ಕೆನ್ನೆ ಇಡುವ ಚೀಕ್‌ಪೀಸ್ ಏರಿಸಿ, ತಲೆ ನೆಟ್ಟಗಿದ್ದಾಗಲೇ ಕಣ್ಣು ತೂತಿನ ಹಿಂದೆ ಬರುವಂತೆ ಮಾಡಿಕೊಳ್ಳಲು ಸಾಧ್ಯವಾಯಿತು. ಅದು ಒಂದು ಸಂಜೆಯಲ್ಲಿ ಆಗುವ ಕೆಲಸ ಅಲ್ಲ. ಒಂದು ಸ್ಕ್ರೂ ತಿರುಗಿಸಿ ವಾರವಿಡೀ ಹೊಡೆಯಬೇಕು, ಆಮೇಲೆ ಇನ್ನೊಂದು. ಒಟ್ಟಿಗೆ ಮೂರು ಕಡೆ ಕೈಯಾಡಿಸಿದರೆ ಯಾವುದರಿಂದ ಏನಾಯಿತು ಎಂದು ದೇವರಿಗೂ ಗೊತ್ತಾಗುವುದಿಲ್ಲ.

ಕೂರುತ್ತದೋ ಇಲ್ಲವೋ ಎಂದು ಅಂಗಡಿಯಲ್ಲೇ ಪರೀಕ್ಷಿಸಬಹುದು. ನಿಲುವು ತೆಗೆದುಕೊಂಡು ಕಣ್ಣು ಮುಚ್ಚಿ, ಎರಡು ಸಲ ಉಸಿರಾಡಿ, ಕಣ್ಣು ಬಿಡಿ. ಬ್ಯಾರಲ್ ತುದಿಯಲ್ಲಿರುವ ಮುಂದಿನ ಸೈಟ್‌ನ ಉಂಗುರ ಟಾರ್ಗೆಟ್‌ನ ಕಪ್ಪು ವೃತ್ತದ ಅಕ್ಕಪಕ್ಕಕ್ಕೆ ಸರಿದಿದ್ದರೆ ಪಾದ ಜರುಗಿಸಿ. ಉಂಗುರವೇ ಕಾಣದಂತೆ ತಲೆ ಜಾರಿದ್ದರೆ ಚೀಕ್‌ಪೀಸ್ ಸರಿಯಿಲ್ಲ. ಎಷ್ಟು ಹೊಂದಿಸಿದರೂ ಜಾರುತ್ತಲೇ ಇದ್ದರೆ ಆ ಸ್ಟಾಕ್ ನಿಮ್ಮದಲ್ಲ, ಮಾರುವವರು ಏನೇ ಹೇಳಲಿ.

ತೂಕದ ಬಗ್ಗೆ ಒಂದು ಮಾತು. ನಿಯಮದ ಮಿತಿ 5.5 ಕೆಜಿ. ಹೆಚ್ಚು ತೂಕ ಇದ್ದರೆ ಹೆಚ್ಚು ಸ್ಥಿರ ಎಂದು ಹುಡುಗರು ರೈಫಲ್‌ಗೆ ತೂಕದ ಬಿಲ್ಲೆಗಳನ್ನು ಪೇರಿಸುತ್ತಾರೆ. 75 ನಿಮಿಷದಲ್ಲಿ 60 ಗುಂಡು, ಅದಕ್ಕೂ ಮೊದಲು ಸೈಟರ್‌ಗಳು, ಅಂದರೆ ಲೆಕ್ಕಕ್ಕಿಲ್ಲದ ಪರೀಕ್ಷೆಯ ಗುಂಡುಗಳು. ಅಷ್ಟು ಹೊತ್ತು ಅದನ್ನು ಎತ್ತಿ ಇಳಿಸುವುದು ಸೊಂಟ. ನಾನು ಬಿಲ್ಲೆ ಸೇರಿಸಿಲ್ಲ. ಟ್ರಿಗರ್ ಎರಡು ಹಂತದ್ದು. ಏರ್ ಪಿಸ್ತೂಲಿಗೆ ಇರುವ 500 ಗ್ರಾಂ ಕನಿಷ್ಠದ ಕಟ್ಟಳೆ ಏರ್ ರೈಫಲ್‌ಗೆ ಇಲ್ಲವಾದ್ದರಿಂದ ಗರಿಯಷ್ಟು ಹಗುರ ಮಾಡಿಕೊಳ್ಳಬಹುದು. ನನ್ನದು ಸುಮಾರು ನೂರು ಗ್ರಾಂ. ಇನ್ನೂ ಇಳಿಸಿದರೆ ಬೆರಳು ಮುಟ್ಟುವ ಮೊದಲೇ ಗುಂಡು ಹೋದಂತೆ ಅನಿಸುತ್ತದೆ. ಅಲ್ಯೂಮಿನಿಯಂ ಮಳೆಗಾಲಕ್ಕೆ ಜಗ್ಗುವುದಿಲ್ಲ, ಮರದಂತೆ ಉಬ್ಬುವುದಿಲ್ಲ. ಡಿಸೆಂಬರ್ ಬೆಳಗಿನ ಥಂಡಿಯಲ್ಲಿ ಮಾತ್ರ ಆ ಲೋಹ ಮುಟ್ಟಿದರೆ ನಿದ್ದೆ ಪೂರ್ತಿ ಬಿಡುತ್ತದೆ.

ಈಗ ಗಾಳಿ. ಕೊಳ್ಳುವವರು ಯಾರೂ ಕೇಳದ, ಆಮೇಲೆ ಎಲ್ಲರೂ ಪರದಾಡುವ ವಿಷಯ ಇದು. ಸಿಲಿಂಡರ್ ತುಂಬುವುದು 200 ಬಾರ್ ಒತ್ತಡಕ್ಕೆ. ಒಳಗಿನ ರೆಗ್ಯುಲೇಟರ್ ಪ್ರತಿ ಗುಂಡಿಗೂ ಒಂದೇ ಅಳತೆಯ ಗಾಳಿ ಬಿಡುವುದರಿಂದ, ಮೀಟರಿನ ಮುಳ್ಳು ತೀರಾ ಕೆಳಗೆ ಬರುವವರೆಗೆ ವೇಗ ಬದಲಾಗುವುದಿಲ್ಲ. ಆದರೆ ತುಂಬಿಸುವುದೆಲ್ಲಿ? ಸಮುದ್ರವಿಲ್ಲದ ನಮ್ಮ ಬೆಂಗಳೂರಿನಲ್ಲಿ ಡೈವಿಂಗ್ ಸಿಲಿಂಡರ್ ತುಂಬಿಸಿಕೊಡುವವರು ಬೀದಿಗೊಬ್ಬರು ಸಿಗುವುದಿಲ್ಲ. ನಿಮ್ಮ ರೇಂಜ್‌ನಲ್ಲಿ ಕಂಪ್ರೆಸರ್ ಇದೆಯೇ, ಅದರ ಗಾಳಿ ಒಣಗಿದ್ದೇ, ನಿಮ್ಮ ರೈಫಲ್‌ಗೆ ಹೊಂದುವ ಅಡಾಪ್ಟರ್ ಅವರ ಬಳಿ ಇದೆಯೇ ಎಂದು ರೈಫಲ್‌ಗೆ ಮುಂಗಡ ಕೊಡುವ ಮೊದಲು ಕೇಳಿ. ಕೈಪಂಪಿನಲ್ಲೂ ತುಂಬಬಹುದು. ಪಂಪ್ ಹೊಡೆದು, ಎದೆ ಡವಗುಟ್ಟುತ್ತಾ, ಬೆವರು ಒರೆಸಿಕೊಂಡು ಫೈರಿಂಗ್ ಲೈನಿಗೆ ಹೋಗಿ ನಿಂತರೆ ಏನಾಗುತ್ತದೆ ಎಂದು ನೀವೇ ಊಹಿಸಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಸಿಲಿಂಡರ್ ಮೇಲೆ ಕೆತ್ತಿದ ತಾರೀಖನ್ನು ಟಾರ್ಚ್ ಹಿಡಿದು ಓದಬೇಕು. ಸಿಲಿಂಡರಿನ ಆಯಸ್ಸು ಹತ್ತು ವರ್ಷ. ಅವಧಿ ಮೀರದಂತೆ ನೋಡಿಕೊಳ್ಳುವ ಹೊಣೆ ಶೂಟರ್‌ದೇ. ಪಂದ್ಯದ ಉಪಕರಣ ತಪಾಸಣೆಯಲ್ಲಿ ಅದು ಬಯಲಾದರೆ ಆ ದಿನ ಹೋದಂತೆಯೇ. ರೈಫಲ್ ಅಗ್ಗಕ್ಕೆ ಸಿಕ್ಕಿತು ಎಂದು ಹಿಗ್ಗುವವರು ಹೊಸ ಸಿಲಿಂಡರಿನ ಬೆಲೆಯನ್ನೂ ಕೂಡಿಸಿ ನೋಡಲಿ. ನಾನು ಹಾಗೆ ಕೂಡಿಸಿಯೇ ಕೊಂಡೆ. ಆದರೂ ಹೊಸ ಸಿಲಿಂಡರ್ ತರಿಸಿಕೊಡುತ್ತೇನೆಂದ ವ್ಯಾಪಾರಿ "ಮುಂದಿನ ವಾರ ಸರ್" ಎನ್ನುತ್ತಲೇ ತಿಂಗಳುಗಳನ್ನು ಕಳೆದರು. ಅಷ್ಟೂ ದಿನ ಕ್ಲಬ್‌ನ ರೈಫಲ್, ಅದೇ ಕುತ್ತಿಗೆ ನೋವು.

ಪೆಲೆಟ್ ವಿಷಯದಲ್ಲಿ ಮಾತ್ರ ಅಳತೆಯ ಹುಚ್ಚು ಒಂದಿಷ್ಟು ಸಾರ್ಥಕ. ತಲೆಯ ವ್ಯಾಸ 4.49, 4.50 ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಒಂದು ಬ್ಯಾರಲ್‌ಗೆ ಹಿಡಿಸಿದ್ದು ಇನ್ನೊಂದಕ್ಕೆ ಹಿಡಿಸದು. ನಾನು ಆರ್‌ಡಬ್ಲ್ಯೂಎಸ್ ಆರ್10, ಎಚ್ ಆ್ಯಂಡ್ ಎನ್ ಫಿನಾಲೆ ಮ್ಯಾಚ್ ಎರಡನ್ನೂ ರೈಫಲ್ ಆನಿಸಿಟ್ಟು ಹೊಡೆದು ನೋಡಿ, ಆರ್10ರ 0.53 ಗ್ರಾಂನದಕ್ಕೆ ನಿಂತೆ. ನಿಮ್ಮ ಬ್ಯಾರಲ್ ಬೇರೆ ಹೇಳಬಹುದು. ದುಬಾರಿ ಪೆಲೆಟ್‌ನ್ನು ಅಭ್ಯಾಸಕ್ಕೆಲ್ಲ ಸುರಿಯಬೇಕಿಲ್ಲ. ಹೊಡೆದಾದ ಮೇಲೆ ಕೈ ತೊಳೆಯದೆ ಕ್ಯಾಂಟೀನ್‌ಗೆ ಹೋಗಬೇಡಿ, ಅದು ಸೀಸ.

ಪ್ಯಾರಿಸ್ 2024ರಲ್ಲಿ ಸ್ವಪ್ನಿಲ್ ಕುಸಾಳೆ .22 ರೈಫಲ್‌ನ 50 ಮೀಟರ್ ತ್ರೀ ಪೊಸಿಷನ್ಸ್‌ನಲ್ಲಿ (ಮಂಡಿಯೂರಿ, ಮಲಗಿ, ನಿಂತು ಹೊಡೆಯುವ ಪಂದ್ಯ) ಕಂಚು ಗೆದ್ದ ಮೇಲೆ "ನೇರವಾಗಿ .22 ತಗೊಳ್ಳಲಾ?" ಎಂದು ಕೇಳುವವರು ಹೆಚ್ಚಾಗಿದ್ದಾರೆ. ಅಲ್ಲಿ ಹತ್ತರ ಉಂಗುರ 10.4 ಮಿ.ಮೀ. ಇದೆ, ಸುಲಭ ಎನಿಸಬಹುದು. ಆದರೆ ಗಾಳಿ ಬೀಸುತ್ತದೆ, ದೂರ ಐದು ಪಟ್ಟು. ಬ್ಯಾರಲ್ ಅಳೆಯುತ್ತಾ ಕೂರಬೇಡಿ ಎಂದು ನಾನು ಮೇಲೆ ಹೇಳಿದ್ದು ಅಲ್ಲಿ ಅರ್ಧ ಮಾತ್ರ ನಿಜ: .22ರಲ್ಲಿ ಯಾವ ಬ್ಯಾರಲ್‌ಗೆ ಯಾವ ಲಾಟ್‌ನ (ಒಂದೇ ಸಲ ತಯಾರಾದ ಕಂತಿನ) ಮದ್ದುಗುಂಡು ಎಂಬುದು ಅಂಕಗಳಲ್ಲೇ ಕಾಣುತ್ತದೆ. ಎಲಿ, ಲಾಪುವಾ ಕಂಪನಿಗಳು ಶೂಟರ್‌ಗಳ ಬ್ಯಾರಲ್‌ನಲ್ಲೇ ಲಾಟ್ ಪರೀಕ್ಷಿಸಿ ಕೊಡುವ ವ್ಯವಸ್ಥೆ ಇಟ್ಟುಕೊಂಡಿರುವುದು ಸುಮ್ಮನೆ ಅಲ್ಲ. ಅದಕ್ಕಿಂತ ಮುಖ್ಯ, .22 ಬಂದೂಕು, ಅದಕ್ಕೆ ಲೈಸೆನ್ಸ್ ಬೇಕೇ ಬೇಕು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಬ್ಯಾರಲ್‌ನ ಒಳ ಅಗಲ 4.5 ಮಿ.ಮೀ. ಮತ್ತು ಗುಂಡಿನ ಶಕ್ತಿ 20 ಜೌಲ್ ಮೀರದ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. ಮ್ಯಾಚ್ ರೈಫಲ್‌ಗಳು ಎಂಟು ಜೌಲ್‌ನ ಆಸುಪಾಸಿನವು. ಬಿಲ್ ಜೋಪಾನವಾಗಿಟ್ಟುಕೊಳ್ಳಿ, ಮೆಟ್ರೋದಲ್ಲಿ ಒಯ್ಯುವ ಯೋಚನೆ ಬಿಡಿ.

ಮನೆ ಅಭ್ಯಾಸದ ಬಗ್ಗೆಯೂ ಕೇಳುತ್ತಾರೆ. ಮೂವತ್ತು-ನಲವತ್ತು ಅಡಿಯ ಮನೆ ನಿವೇಶನದ ಉದ್ದ ಹನ್ನೆರಡು ಮೀಟರ್ ಚಿಲ್ಲರೆ, ಅದರಲ್ಲಿ ಗೋಡೆ, ಮೆಟ್ಟಿಲು ಕಳೆದರೆ ಹತ್ತು ಮೀಟರ್ ಉಳಿಯುವುದು ಟೆರೇಸಿನಲ್ಲಷ್ಟೇ. ಟೆರೇಸಿನಲ್ಲಿ ಹೊಡೆಯಬೇಡಿ. ಪಕ್ಕದ ಮನೆಯವರು ಬಟ್ಟೆ ಒಣಹಾಕಲು ಯಾವಾಗ ಬರುತ್ತಾರೋ ಹೇಳಲಾಗದು. 700ರಲ್ಲಿ ಡ್ರೈ ಫೈರ್ ವ್ಯವಸ್ಥೆ ಇದೆ. ಗಾಳಿಯೂ ಇಲ್ಲ, ಪೆಲೆಟ್ಟೂ ಇಲ್ಲ, ಟ್ರಿಗರ್ ಮಾತ್ರ ನಿಜವಾದದ್ದು. ಹಾಲ್‌ನ ಗೋಡೆಗೆ 1.4 ಮೀಟರ್ ಎತ್ತರದಲ್ಲಿ, ದೂರಕ್ಕೆ ತಕ್ಕಂತೆ ಕಿರಿದು ಮಾಡಿದ ಕಪ್ಪು ವೃತ್ತ ಅಂಟಿಸಿದರೆ ಸಾಕು. ನನ್ನ ಅಂಕಗಳು ಏರಿದ್ದು ಹೆಚ್ಚಾಗಿ ಆ ಗೋಡೆಯ ಮುಂದೆ. ಈ ಒಂದು ಸೌಲಭ್ಯ ಇಲ್ಲದ ರೈಫಲ್‌ನ್ನು ಎಷ್ಟೇ ಅಗ್ಗವಾದರೂ ನಾನು ಮುಟ್ಟುವುದಿಲ್ಲ.

ಮುಂದಿನ ಸೈಟ್‌ನ ಉಂಗುರ ಬದಲಿಸುವುದು ಅತಿ ಕಡಿಮೆ ಖರ್ಚಿನ ಸುಧಾರಣೆ. ಕಪ್ಪು ವೃತ್ತ 30.5 ಮಿ.ಮೀ.; ಅದರ ಸುತ್ತ ಬಿಳಿ ಅಂಚು ಧಾರಾಳವಾಗಿ ಕಾಣುವಷ್ಟು ದೊಡ್ಡ ಉಂಗುರ ಹಾಕಿಕೊಳ್ಳಿ, ಮುಖ್ಯವಾಗಿ ನಲವತ್ತು ದಾಟಿದ ಕಣ್ಣಿನವರು. ಬಿಗಿಯಾದ ಉಂಗುರ ಕಣ್ಣನ್ನು ಬೇಗ ದಣಿಸುತ್ತದೆ, ಬೆರಳನ್ನು ಹೆದರಿಸುತ್ತದೆ.

ಇನ್ನು ದೂರುಗಳು. ಸ್ಕ್ರೂಗಳಿಗೆ ಬೇರೆಬೇರೆ ಅಳತೆಯ ಅಲೆನ್ ಕೀ ಬೇಕು, ಒಂದು ಕಳೆದರೆ ಎಸ್‌ಪಿ ರೋಡಿನ ಅಂಗಡಿಗಳಿಗೆ ಓಡಬೇಕು. ಗಾಳಿ ಸೋರದಂತೆ ತಡೆಯುವ ಓ-ರಿಂಗ್‌ಗಳು ಕಾಲಕ್ರಮೇಣ ಸವೆಯುವ ವಸ್ತು, ಸಿಲಿಂಡರ್ ಗಾಳಿಯ ಯಾವ ರೈಫಲ್‌ನಲ್ಲಾದರೂ ಅಷ್ಟೆ. ಒಂದು ಜೊತೆ ಡಬ್ಬಿಯಲ್ಲಿ ಇರಲಿ. ಇಡೀ ರೈಫಲ್ ಬಿಚ್ಚಿ ಸರ್ವಿಸ್ ಮಾಡುವ ನುರಿತ ಕೈಗಳು ಕಡಿಮೆ, ಪಂದ್ಯಗಳ ಋತುವಿನಲ್ಲಿ ಅವರ ಮುಂದೆ ಸಾಲು. ಹೊಡೆಯುವ ಋತು ಮುಗಿದ ತಕ್ಷಣ ಕೊಟ್ಟುಬಿಡುವುದು ಜಾಣತನ. ವಾರಕ್ಕೊಮ್ಮೆ ಬಂದು ಒಂದು ಗಂಟೆ ಹೊಡೆದು ಹೋಗುವವರಿಗೆ ಕ್ಲಬ್‌ನ ರೈಫಲ್ಲೇ ಸಾಕು. ಆ ದುಡ್ಡಿನಲ್ಲಿ ಅಳತೆ ಕೊಟ್ಟು ಶೂಟಿಂಗ್ ಜಾಕೆಟ್ ಹೊಲಿಸಿಕೊಳ್ಳಲಿ.