ಸಾಂಬ್ರಾದಲ್ಲಿ ನಿಲ್ಲಿಸಿ ನೋಡಿದ ಹಳೆಯ ಬಣ್ಣಗಳು

ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಫ್ಲೈಟ್ ಸಿಮ್ಯುಲೇಟರ್, ಅಂದರೆ ಸಿಮ್, ಆಡುವವರಿಗೆ ಲಿವರಿ ಹುಡುಕುವುದೇ ಅರ್ಧ ಆಟ. ಲಿವರಿ ಅಂದರೆ ವಿಮಾನದ ಮೈಗೆ ಕಂಪನಿ ಬಳಿಸುವ ಬಣ್ಣ, ಚಿತ್ತಾರ, ಹೆಸರು. ನನ್ನ ಹತ್ತಿರ ಹಳೆಯ ಕಾಲದ ಲಿವರಿಗಳೇ ಅರವತ್ತರ ಮೇಲೆ ಸೇರಿದ್ದವು. ಸಿಮ್ ತೆರೆಯೋಕೂ ತಡವಾಗುತ್ತಿತ್ತು. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ತೆಗೆಯಬೇಕು ಅಂತ ತೀರ್ಮಾನ ಮಾಡಲು ದಸರಾ ರಜೆಯಲ್ಲಿ ಕೂತೆ.

ಎಲ್ಲವನ್ನೂ ಒಂದೇ ಜಾಗದಲ್ಲಿ, ಒಂದೇ ಬೆಳಕಿನಲ್ಲಿ ನೋಡಬೇಕು ಅಂದುಕೊಂಡೆ. ಜಾಗ ನಮ್ಮ ಬೆಳಗಾವಿಯ ಸಾಂಬ್ರಾ ನಿಲ್ದಾಣ. ಹೊತ್ತು ಅಕ್ಟೋಬರ್ ತಿಂಗಳ ಸಂಜೆ ಐದೂವರೆ. ಆಗ ಬಿಸಿಲು ಪಶ್ಚಿಮದಿಂದ ಅಡ್ಡ ಬೀಳುತ್ತದೆ, ಬಣ್ಣದ ಗುಣ-ದೋಷ ಎರಡೂ ಕಾಣುತ್ತವೆ. ಪ್ರತಿ ವಿಮಾನವನ್ನೂ ಎರಡು ಸಲ ನೋಡಿದೆ. ಮೊದಲು ಕಿಟಕಿ ಪಕ್ಕದಲ್ಲೇ ನಿಂತು, ಆಮೇಲೆ ಒಂದು ಕಿಲೋಮೀಟರ್ ದೂರದಿಂದ. 2,300 ಮೀಟರ್ ರನ್‌ವೇ ಇರುವ ಸಾಂಬ್ರಾಕ್ಕೆ ಬೋಯಿಂಗ್ 747ರಂಥ ದೊಡ್ಡ ವಿಮಾನ ನಿಜವಾಗಿ ಬರುವುದಿಲ್ಲ. ಸಿಮ್‌ನಲ್ಲಿ ನಿಲ್ಲಿಸಬಹುದು, ಹಾಗಾಗಿ ನಿಲ್ಲಿಸಿದೆ.

ಮೊದಲು ಏರ್ ಇಂಡಿಯಾದ ಝರೋಖಾ ಬಣ್ಣ. 1971ರಲ್ಲಿ ಮೊದಲ 747 'ಎಂಪರರ್ ಅಶೋಕ' ಬಂದಾಗ ಪ್ರತಿ ಕಿಟಕಿಯ ಸುತ್ತ ಅರಮನೆಯ ಕಿಟಕಿಯ, ಅಂದರೆ ಝರೋಖಾದ, ಹಾಗೆ ಕೆಂಪು ಚೌಕಟ್ಟು ಬರೆದಿದ್ದರು. ಆಕಾಶದಲ್ಲಿ ನಿಮ್ಮ ಅರಮನೆ ಅನ್ನುವುದು ಅವರ ಜಾಹೀರಾತಿನ ಮಾತು. ಈ ಬಣ್ಣ ನನ್ನಲ್ಲಿ ಎರಡು ವಿಮಾನಕ್ಕೆ ಇದೆ. ಎಕ್ಸ್-ಪ್ಲೇನ್ ಅನ್ನುವ ಸಿಮ್‌ನಲ್ಲಿ ಹಳೆಯ 747-200ಕ್ಕೆ ಒಂದು. ಮೈಕ್ರೋಸಾಫ್ಟ್ ಸಿಮ್‌ನಲ್ಲಿ ಹೊಸ 747-8ಕ್ಕೆ ಇನ್ನೊಂದು. ಏರ್ ಇಂಡಿಯಾ ಹತ್ತಿರ 747-8 ಇರಲೇ ಇಲ್ಲ, ಅದು ಅಭಿಮಾನಿಯೊಬ್ಬರ ಕಲ್ಪನೆ.

ಎರಡನ್ನೂ ಅಕ್ಕಪಕ್ಕ ಇಟ್ಟ ಮೇಲೆ ನನಗೆ ಒಂದು ವಿಷಯ ಹೊಳೆಯಿತು. ಬಣ್ಣವನ್ನು ಒಂದು ಮೈಗೆ ಅಳತೆ ಹಿಡಿದೇ ಬರೆದಿರುತ್ತಾರೆ, ಅಂಗಿ ಹೊಲಿದ ಹಾಗೆ. 747-200ರ ಮೇಲಿನ ಮಹಡಿ ಗಿಡ್ಡ. ಅಲ್ಲಿ ಬೆರಳೆಣಿಕೆಯ ಕಿಟಕಿಗಳು, ಕೆಳಗೆ ಝರೋಖಾಗಳ ಉದ್ದ ಸಾಲು. ಅರಮನೆ ಮತ್ತು ಅದರ ಮೇಲೊಂದು ಪುಟ್ಟ ಗೋಪುರ ಇದ್ದ ಹಾಗೆ ಕಾಣುತ್ತದೆ. 747-8ರಲ್ಲಿ ಮೇಲಿನ ಮಹಡಿ ಹಿಂದಕ್ಕೆ ಚಾಚಿಕೊಂಡಿದೆ. ಅಲ್ಲೂ ಝರೋಖಾ, ಇಲ್ಲೂ ಝರೋಖಾ. ಎರಡು ಸಾಲು ಒಂದರ ಮೇಲೊಂದು ಕೂತು ಕಣ್ಣಿಗೆ ದಣಿವಾಗುತ್ತದೆ. ಬರೆದವರ ಕೈಕೆಲಸ ಅಚ್ಚುಕಟ್ಟಾಗಿಯೇ ಇದೆ, ಮೈ ಮಾತ್ರ ಬೇರೆ.

ಹತ್ತಿರದಿಂದ ನೋಡಿದಾಗ ಇನ್ನೊಂದು ಲೆಕ್ಕ ಬರುತ್ತದೆ. ಸಿಮ್‌ನಲ್ಲಿ ಬಣ್ಣವನ್ನು ಚಿತ್ರದ ಹಾಳೆಯಲ್ಲಿ ಬರೆದು ವಿಮಾನದ ಮೈಗೆ ಅಂಟಿಸಿರುತ್ತಾರೆ. 747-200ರ ಉದ್ದ ಸುಮಾರು 70 ಮೀಟರ್. ಮೈಯ ಒಂದು ಬದಿಯನ್ನು 4096 ಪಿಕ್ಸೆಲ್‌ನ ಒಂದೇ ಹಾಳೆಯಲ್ಲಿ ಹರಡಿದರೆ ಒಂದು ಪಿಕ್ಸೆಲ್ ಅಂದರೆ 1.7 ಸೆಂಟಿಮೀಟರ್. ಝರೋಖಾದ ಸಣ್ಣ ಗೆರೆ ಅದಕ್ಕಿಂತ ಹೆಚ್ಚು ದಪ್ಪ ಇರಲ್ಲ. ಹಾಗಾಗಿ ಕಮಾನಿನ ತುದಿ ಕಲಸಿಹೋಗಿ ಕೆಂಪು ಕಲೆಯಾಗುತ್ತದೆ. 8192ರ ಹಾಳೆ ಹಾಕಿದರೆ ಕಮಾನು ಕಮಾನಾಗಿಯೇ ಕಾಣುತ್ತದೆ, ಕೊನೆಯ ಚೂಪೂ ಸಿಗುತ್ತದೆ. ಆದರೆ ಒತ್ತಿ ಚಿಕ್ಕದು ಮಾಡಿದ ಮೇಲೂ 4096ರ ಒಂದು ಹಾಳೆಗೆ ಗ್ರಾಫಿಕ್ಸ್ ಕಾರ್ಡಿನಲ್ಲಿ ಸುಮಾರು 21 ಎಂಬಿ ಬೇಕು, 8192ಕ್ಕೆ 85. ಒಂದು ವಿಮಾನಕ್ಕೆ ಇಂಥ ಹಾಳೆ ಆರೇಳು ಇರುತ್ತವೆ. ನನ್ನ ಕಾರ್ಡು 6 ಜಿಬಿಯದು. ಝರೋಖಾಕ್ಕೆ ಮಾತ್ರ ದೊಡ್ಡ ಹಾಳೆ ಇಟ್ಟುಕೊಂಡೆ, ಉಳಿದೆಲ್ಲಕ್ಕೂ 4096 ಸಾಕು.

ಹಾಗೆ ಸಾಕು ಅನ್ನಿಸಿದ್ದರಲ್ಲಿ ಮೊದಲನೆಯದು ಇಂಡಿಯನ್ ಏರ್‌ಲೈನ್ಸ್. ಕಿತ್ತಳೆ ಬಾಲ, ಅದರ ಮೇಲೆ ಬಿಳಿಯ ಐಎ. ಅಷ್ಟೇ. ಹತ್ತಿರದಲ್ಲಿ ನೋಡಲು ಏನೂ ಇಲ್ಲ. ಒಂದು ಕಿಲೋಮೀಟರ್ ಆಚೆಯಿಂದ ನೋಡಿ, ಮಿಕ್ಕ ಯಾವ ವಿಮಾನವೂ ಇದರ ಸಮಕ್ಕೆ ಬರಲ್ಲ. ಮಳೆಗಾಲದ ಮೋಡ ಹಾಕಿ ನೋಡಿದೆ. ಬಿಳಿ ಮೈ ಮೋಡದಲ್ಲಿ ಕರಗಿತು, ಬಾಲವೊಂದೇ ಕೆಂಡದ ಹಾಗೆ ಉಳಿಯಿತು. ಝರೋಖಾ ಅಷ್ಟು ದೂರದಿಂದ ಬರೀ ಕೆಂಪು ಚುಕ್ಕಿಗಳ ಸಾಲು.

ಈ ಬಣ್ಣದಲ್ಲೂ ಮೈಯ ಪ್ರಶ್ನೆ ಬಂತು. 1989ರಲ್ಲಿ ಇಂಡಿಯನ್ ಏರ್‌ಲೈನ್ಸ್ ಏರ್‌ಬಸ್ ಎ320 ವಿಮಾನ ತಂದಾಗ ನಮ್ಮ ರನ್‌ವೇಗಳ ಸ್ಥಿತಿ ನೋಡಿ ಪ್ರತಿ ಬದಿಯ ಮುಖ್ಯ ಕಾಲಿಗೆ ಎರಡರ ಬದಲು ನಾಲ್ಕು ಚಕ್ರ ಹಾಕಿಸಿಕೊಂಡಿತ್ತು. ಭಾರ ಹಂಚಿಹೋಗಲಿ ಅಂತ. ನನ್ನಲ್ಲಿರುವ ಎ320ಕ್ಕೆ ಎರಡೇ ಚಕ್ರ. ಇಳಿಯುವಾಗ ಕೆಳಗಿನಿಂದ ನೋಡಿದರೆ ಏನೋ ಕಡಿಮೆ ಅನ್ನಿಸುತ್ತದೆ. ಇದನ್ನಾದರೂ ಸಹಿಸಬಹುದು. ಇದೇ ಬಣ್ಣವನ್ನು ಅದರ ಹೊಸ ಮಾದರಿ ಎ320ನಿಯೋ ಮೇಲೆ ಹಾಕಿದ್ದು ನನಗೆ ಒಪ್ಪಿಗೆಯಾಗಲಿಲ್ಲ. ರೆಕ್ಕೆಯ ತುದಿಯಲ್ಲಿ ಮೇಲೆ ಬಾಗಿದ ಆ ದೊಡ್ಡ ಶಾರ್ಕ್‌ಲೆಟ್, ದಪ್ಪ ಎಂಜಿನ್. ಕಣ್ಣು ಬಾಲಕ್ಕೆ ಹೋಗುವ ಮೊದಲೇ ಅಲ್ಲಿ ನಿಂತುಬಿಡುತ್ತದೆ. ಅಳಿಸಿದೆ.

ಹಾಗಾದರೆ ಹೊಸ ಮೈಗೆ ಹಳೆ ಬಣ್ಣ ಯಾವತ್ತೂ ಒಗ್ಗಲ್ವಾ? ಒಗ್ಗುತ್ತದೆ, ಕಂಪನಿಯೇ ಕೂತು ಅಳತೆ ತೆಗೆದು ಬರೆಸಿದಾಗ. ಜರ್ಮನಿಯ ಲುಫ್ತಾನ್ಸಾ 2015ರಲ್ಲಿ ಒಂದು 747-8ಕ್ಕೆ ಹಳೆಯ ಬಣ್ಣ ಬಳಿಸಿತು. ಕಿಟಕಿಗಳ ಮೇಲೆ ಹಾದು ಹೋಗುವ ಕಡುನೀಲಿ ಪಟ್ಟಿ, ನೀಲಿ ಬಾಲದಲ್ಲಿ ಹಳದಿ ವೃತ್ತ, ಅದರೊಳಗೆ ಕೊಕ್ಕರೆ. ಈ ಪಟ್ಟಿಯ ಜಾಣತನ ಸಾಂಬ್ರಾದ ಸಂಜೆ ಬೆಳಕಿನಲ್ಲಿ ಚೆನ್ನಾಗಿ ಗೊತ್ತಾಯಿತು. ಬಿಳಿ ಮೈಯಲ್ಲಿ ಕಿಟಕಿಗಳು ಕಪ್ಪು ತೂತುಗಳ ಹಾಗೆ ಎದ್ದು ಕಾಣುತ್ತವೆ. ಕಡುನೀಲಿಯಲ್ಲಿ ಅವು ಮುಳುಗಿಹೋಗುತ್ತವೆ. ಮೂಗಿನಿಂದ ಬಾಲದವರೆಗೆ ಒಂದೇ ಗೆರೆ ಎಳೆದ ಹಾಗೆ ವಿಮಾನ ಉದ್ದವಾಗಿ ಕಾಣುತ್ತದೆ. 747-8 ಮೊದಲೇ 76 ಮೀಟರ್, ಆ ಉದ್ದಕ್ಕೆ ಈ ಗೆರೆ ಸರಿಯಾಗಿ ಕೂತಿದೆ. ಇಟ್ಟುಕೊಂಡೆ.

ಇದಕ್ಕೆ ನೇರ ಎದುರು ನಿಲ್ಲುವುದು ಅಮೆರಿಕದ ಬ್ರ್ಯಾನಿಫ್ ವಿಮಾನ ಕಂಪನಿ. 1965ರಲ್ಲಿ ವಿನ್ಯಾಸಕಾರ ಅಲೆಕ್ಸಾಂಡರ್ ಗಿರಾರ್ಡ್ ಈ ಕಂಪನಿಯ ವಿಮಾನಗಳಿಗೆ ಒಂದೊಂದಕ್ಕೂ ಒಂದೊಂದು ಬಣ್ಣ ಕೊಟ್ಟರು. ಒಂದರ ಮೈ ಪೂರ್ತಿ ಕಿತ್ತಳೆ, ಒಂದರದು ಪೂರ್ತಿ ನೀಲಿ, ಒಂದರದು ಹಳದಿ. ಪಟ್ಟಿ ಇಲ್ಲ, ಗೆರೆ ಇಲ್ಲ. ಬೋಯಿಂಗ್ 727ರ ಮೇಲೆ ಹಾಕಿ ಮೋಡ ಕವಿದ ಜುಲೈಗೆ ಬದಲಾಯಿಸಿದೆ. ಒದ್ದೆ ಡಾಂಬರಿನ ಮೇಲೆ ಆ ಕಿತ್ತಳೆಯ ನೆರಳು ಬಿದ್ದದ್ದು ನೋಡಿ ಹತ್ತು ನಿಮಿಷ ಹಾಗೇ ಕೂತಿದ್ದೆ. ಅದೇ ಕಂಪನಿಗೆ 1973ರಲ್ಲಿ ಕಲಾವಿದ ಅಲೆಕ್ಸಾಂಡರ್ ಕಾಲ್ಡರ್ ಒಂದು ಡಿಸಿ-8 ವಿಮಾನದ ಮೇಲೆ ಚಿತ್ರ ಬರೆದುಕೊಟ್ಟರು. ಅದು ನಿಂತಾಗ ಸೊಗಸು, ಹಾರುವಾಗ ಕಣ್ಣಿಗೆ ಹಿಡಿಯುವುದಿಲ್ಲ. ಒಂದೇ ಬಣ್ಣದ್ದೇ ನನಗೆ ಹೆಚ್ಚು ಇಷ್ಟ.

ಅಮೆರಿಕನ್ ಏರ್‌ಲೈನ್ಸ್‌ನ ಹೊಳೆಯುವ ಲೋಹದ ಮೈ ಬಗ್ಗೆ ಒಂದು ಮಾತು. 2013ರವರೆಗೆ ಅವರು ಅಲ್ಯೂಮಿನಿಯಂ ಮೈಗೆ ಬಣ್ಣ ಬಳಿಯದೆ ಉಜ್ಜಿ ಹೊಳಪು ಕೊಡುತ್ತಿದ್ದರು, ಮೂರು ಬಣ್ಣದ ಪಟ್ಟಿ ಮಾತ್ರ. ನನ್ನಲ್ಲಿ ಇದರ ಎರಡು ಪ್ರತಿ ಇದ್ದವು. ಒಂದು ತಿಕ್ಕಿದ ಸ್ಟೀಲ್ ತಂಬಿಗೆಯ ಹಾಗೆ ಹೊಳೆಯುತ್ತದೆ, ಕೆಳಗಿನ ಹುಲ್ಲು ಹೊಟ್ಟೆಯಲ್ಲಿ ಕಾಣುತ್ತದೆ. ಇನ್ನೊಂದು ಬರೀ ಬೂದಿ ಬಣ್ಣ. ಕಾರಣ ಏನಂದ್ರೆ, ಸಿಮ್‌ನಲ್ಲಿ ಬಣ್ಣದ ಹಾಳೆಯ ಜೊತೆ ಇನ್ನೊಂದು ಹಾಳೆ ಇರುತ್ತದೆ. ಎಲ್ಲಿ ಲೋಹ, ಎಲ್ಲಿ ನುಣುಪು, ಎಲ್ಲಿ ಒರಟು ಅಂತ ಹೇಳುವುದು ಅದು. ಅದನ್ನು ಬದಲಾಯಿಸದೆ ಬರೀ ಬಣ್ಣ ಬದಲಾಯಿಸಿದರೆ ಬೆಳ್ಳಿ ಬೂದಿಯಾಗುತ್ತದೆ. ಲಿವರಿ ಇಳಿಸಿಕೊಳ್ಳುವ ಮುಂಚೆ ಫೋಟೋದಲ್ಲಿ ಹೊಟ್ಟೆಯ ಭಾಗ ನೋಡಿ, ಅಲ್ಲೇ ಗೊತ್ತಾಗುತ್ತದೆ.

ಕಿಂಗ್‌ಫಿಷರ್ ಕೆಂಪು ಚೆನ್ನಾಗಿದೆ. 2012ಕ್ಕೆ ನಿಂತುಹೋದ ಕಂಪನಿ, ಆ ಕಾಲದ ಎ320 ಮೇಲೆ ಸರಿಯಾಗಿ ಹೊಂದುತ್ತದೆ. ಅಷ್ಟು ಸಾಕು.

ಏರ್ ಡೆಕ್ಕನ್ ಮಾತ್ರ ನನಗೆ ಬೇರೆ. ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಶುರು ಮಾಡಿದ್ದು. ಹುಬ್ಬಳ್ಳಿಯಂಥ ಊರುಗಳಿಗೆ ಕಡಿಮೆ ದರದಲ್ಲಿ ವಿಮಾನ ತಂದ ಕಂಪನಿ. ಆರ್.ಕೆ. ಲಕ್ಷ್ಮಣ್ ಅವರ ಕಾಮನ್ ಮ್ಯಾನ್ ಅದರ ಗುರುತು. ನೀಲಿ-ಹಳದಿ ಬಣ್ಣ ತೀರಾ ಸಾದಾ. ಆದರೆ ಎಟಿಆರ್ ಅನ್ನುವ ಚಿಕ್ಕ ಪ್ರೊಪೆಲ್ಲರ್ ವಿಮಾನದ ಎತ್ತರದ ರೆಕ್ಕೆಯ ಕೆಳಗೆ, ವಿಮಾನ ನಿಲ್ಲಿಸುವ ಸಾಂಬ್ರಾದ ಚಿಕ್ಕ ಏಪ್ರನ್ ಮೇಲೆ ಅದು ನಿಂತಾಗ ನಮ್ಮ ಮನೆ ವಿಮಾನ ಅನ್ನಿಸುತ್ತದೆ. ಇಲ್ಲೂ ಒಂದು ಕೊರತೆ ಇದೆ. ಡೆಕ್ಕನ್‌ನ ಶುರುವಿನ ಎಟಿಆರ್ 42-320ಕ್ಕೆ ನಾಲ್ಕು ಅಲಗಿನ ಪ್ರೊಪೆಲ್ಲರ್. ಸಿಮ್‌ನ 42-600ಕ್ಕೆ ಆರು. ತಿರುಗುವಾಗ ತಿಳಿಯಲ್ಲ. ನಿಂತಾಗ ಎಣಿಸಿಬಿಡುತ್ತೇನೆ. ಆದರೂ ಇದನ್ನು ತೆಗೆಯಲಾರೆ.

ಇಷ್ಟೆಲ್ಲ ನೋಡಿದ ಮೇಲೆ ಅದೇ ಎಟಿಆರ್‌ಗೆ ನಾನೇ ಒಂದು ಲಿವರಿ ಬರೆಯಲು ಹೊರಟೆ. ಅವ್ವನ ತವರು ಹುನಗುಂದದ ಕಡೆ. ಮನೆಯಲ್ಲಿ ಇಳಕಲ್ ಸೀರೆಗೆ ಕೊರತೆ ಇಲ್ಲ. ಕೆಂಪು ರೇಷ್ಮೆಯ ಟೋಪ ತೆನಿ ಸೆರಗನ್ನು ಬಾಲದ ಮೇಲೆ ಬರೆದೆ. ಜೋಳದ ತೆನೆಯ ಹಾಗಿರುವ ಆ ಬಿಳಿ ಹಲ್ಲುಗಳು, ಕೆಂಪು-ಬಿಳಿ ಪಟ್ಟಿಗಳು. ಅವ್ವನಿಗೆ ತೋರಿಸಿದೆ.

'ಇದೇನಪಾ, ತೆನಿ ಎಲ್ಲಾ ಡೊಂಕ ಆಗ್ಯಾವಲ್ಲ' ಅಂದಳು.

ಹೌದು. ಬಾಲ ಹಿಂದಕ್ಕೆ ಓರೆ, ಮೇಲಕ್ಕೆ ಹೋದಂತೆ ಸಣ್ಣ. ಸೆರಗು ನೆಟ್ಟಗೆ ನೇಯ್ದದ್ದು. ಪಟ್ಟಿಗಳು ಓರೆಯಾಗಿ ತುದಿಯಲ್ಲಿ ಒತ್ತಿಕೊಂಡಿದ್ದವು.

'ಸೆರಗ ಮೈಗೆ ಸುತ್ತಬೇಕಪಾ, ಹಂಗ ನೇತ ಹಾಕಬಾರದು' ಅಂತ ಕೈಯಲ್ಲೇ ಸುತ್ತಿ ತೋರಿಸಿದಳು.

ಈಗ ಬಾಲ ಬಿಟ್ಟು, ರೆಕ್ಕೆಯ ಹಿಂದಿನ ದುಂಡು ಮೈಗೆ ಸೆರಗು ಸುತ್ತುತ್ತಿದ್ದೇನೆ. ಮೂರು ಕೆಂಪು ಪಟ್ಟಿ, ನಡುವೆ ಎರಡು ಬಿಳಿ. ಎಡಬದಿ ಮುಗಿದಿದೆ. ಬಲಬದಿ ಹಾಳೆಯಲ್ಲಿ ತಿರುವಿ ಇದೆ, ತೆನೆಗಳನ್ನು ಒಂದೊಂದಾಗಿ ಮತ್ತೆ ಬರೆಯಬೇಕು.