ಅಪ್‌ಗ್ರೇಡ್ ಆದಮೇಲೆ ಲಿನಕ್ಸ್ ಬೂಟ್ ಆಗದಿದ್ರೆ ಡಿಸ್ಕನ್ನು ಸುಮ್ನೆ ರಿಪೇರಿಯವರ ಕೈಗೆ ಕೊಡಬೇಡಿ

ದಯವಿಟ್ಟು ಪೂರ್ತಿ ಓದಿ. ನಾನು ತೆಗೆದಿದ್ದ ಮೂರು ಮದುವೆಗಳ ಫೋಟೊ ಹೋದವು. ಮೂರು! ಡಿಸ್ಕ್ ಕೆಟ್ಟು ಹೋಗಿದ್ದಲ್ಲ, ರಿಪೇರಿ ಮಾಡಿ ಕೆಡಿಸಿದ್ದು.

ದಾವಣಗೆರೆಯಲ್ಲಿ ನಮ್ಮದು ಸಣ್ಣ ಸ್ಟುಡಿಯೋ. ಫೋಟೊ ಎಲ್ಲಾ ಉಬುಂಟು (ಲಿನಕ್ಸ್‌ನ ಒಂದು ಬಗೆ) ಹಾಕಿದ ಒಂದು ಮಷೀನಿನ 4 ಟಿಬಿ ಹಾರ್ಡ್ ಡಿಸ್ಕಿನಲ್ಲಿ ಇರುತ್ತವೆ. ಹೋದ ತಿಂಗಳು ಉಬುಂಟುವನ್ನು 22.04 ವರ್ಷನ್‌ನಿಂದ 24.04ಕ್ಕೆ ಅಪ್‌ಗ್ರೇಡ್ ಮಾಡಿದೆ. ರೀಬೂಟ್ ಆಗುವಾಗ ಎಸ್‌ಡಿಬಿ1 (ಫೋಟೊ ಡಿಸ್ಕಿಗೆ ಲಿನಕ್ಸ್ ಕೊಟ್ಟಿದ್ದ ಹೆಸರು) ಬರಲಿ ಅಂತ ಒಂದೂವರೆ ನಿಮಿಷ ಕಾದು, ಕೊನೆಗೆ ಎಮರ್ಜೆನ್ಸಿ ಮೋಡ್‌ಗೆ (ಬರೀ ಕಮಾಂಡ್ ಹಾಕುವ ಪರದೆಗೆ) ಬಂದು ನಿಂತಿತು. ಕೈಕಾಲೇ ಆಡಲಿಲ್ಲ. ಆಲ್ಬಮ್ ಕೊಡುವ ದಿನ ಹತ್ತಿರ ಬಂದಿತ್ತು, ಕ್ಯಾಮೆರಾ ಕಾರ್ಡ್‌ಗಳನ್ನು ಆಗಲೇ ಫಾರ್ಮ್ಯಾಟ್ ಮಾಡಿ ಬೇರೆ ಮದುವೆಗೆ ಬಳಸಿದ್ದೆವು.

ಲಿನಕ್ಸ್ ಸರ್ವರ್ ನೋಡುತ್ತೇನೆ ಅನ್ನುವ ಒಬ್ಬರನ್ನು ಕರೆಸಿದೆ. ಬಂದು ಕೂತು ಹತ್ತು ನಿಮಿಷವೂ ಆಗಿರಲಿಲ್ಲ. "ಅಣ್ಣಾ, ಸೂಪರ್‌ಬ್ಲಾಕ್ ಹೋಗಿದೆ, ಫೈಲ್ ಸಿಸ್ಟಮ್ ಕರಪ್ಟ್ ಆಗಿದೆ. ಟೆನ್ಷನ್ ಬೇಡ, ಸರಿ ಮಾಡ್ತೀನಿ" ಅಂದರು. ಫೈಲ್ ಸಿಸ್ಟಮ್ ಅಂದರೆ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ, ಸೂಪರ್‌ಬ್ಲಾಕ್ ಅಂದರೆ ಅದರ ಮುಖ್ಯ ವಿವರ ಇರುವ ಜಾಗ. ಪರದೆ ಮೇಲೆ ಸಾಲು ಸಾಲಾಗಿ ಫಿಕ್ಸ್, ಫಿಕ್ಸ್ ಅಂತ ಓಡುತ್ತಿತ್ತು. ನಾನು ಪಕ್ಕದಲ್ಲೇ ನಿಂತಿದ್ದೆ. ಸದ್ಯ ಸರಿಯಾಗ್ತಿದೆಯಲ್ಲ ಅಂತ ಸಮಾಧಾನ ಆಗಿ ಟೀ ತರಿಸಿಕೊಟ್ಟೆ. ನನ್ನ ಕಣ್ಣೆದುರೇ ಫೋಟೊ ಅಳಿಸುತ್ತಿದ್ದವರಿಗೆ ಟೀ ಕೊಟ್ಟೆ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಕೊನೆಗೆ "ಡಿಸ್ಕೇ ಸತ್ತಿದೆ" ಅಂತ ಹೇಳಿ 3,500 ರೂಪಾಯಿ ತೆಗೆದುಕೊಂಡು ಹೋದರು.

ಆ ರಾತ್ರಿ ರೂಟ್‌ನ (ಅಡ್ಮಿನ್ ಖಾತೆಯ) ಹಿಸ್ಟರಿ, ಅಂದರೆ ಅವರು ಹಾಕಿದ ಕಮಾಂಡ್‌ಗಳ ಪಟ್ಟಿ ತೆಗೆದು ನೋಡಿದೆ. ಡಿಸ್ಕಿನಲ್ಲಿ ಯಾವ ಫೈಲ್ ಸಿಸ್ಟಮ್ ಇದೆ ಅಂತ ತೋರಿಸುವ ಬಿಎಲ್‌ಕೆಐಡಿ ಕಮಾಂಡ್ ಒಂದು ಸಲವೂ ಹಾಕಿಲ್ಲ. ಹಾಕಿದ್ದರೆ ಡಿಸ್ಕಿನಲ್ಲಿ ಇರುವುದು ಎಕ್ಸ್‌ಎಫ್‌ಎಸ್ ಅನ್ನುವ ಫೈಲ್ ಸಿಸ್ಟಮ್ ಅಂತ ಒಂದೇ ಸಾಲಿನಲ್ಲಿ ಕಾಣುತ್ತಿತ್ತು. ಈ ಮನುಷ್ಯ ಅದರ ಮೇಲೆ ಇ2ಎಫ್‌ಎಸ್‌ಸಿಕೆ ಅನ್ನುವ ರಿಪೇರಿ ಕಮಾಂಡ್ ಓಡಿಸಿದ್ದಾರೆ. ಅದು ಎಕ್ಸ್ಟ್2, ಎಕ್ಸ್ಟ್3, ಎಕ್ಸ್ಟ್4 ಅನ್ನುವ ಬೇರೆ ಫೈಲ್ ಸಿಸ್ಟಮ್‌ಗಳಿಗೆ ಮಾತ್ರ! ಮ್ಯಾಜಿಕ್ ನಂಬರ್ (ಫೈಲ್ ಸಿಸ್ಟಮ್‌ನ ಗುರುತಿನ ಸಂಖ್ಯೆ) ಸರಿಯಿಲ್ಲ ಅಂತ ಅದೇ ಹೇಳುತ್ತದೆ, ಇದು ನಿಜವಾಗಿ ಎಕ್ಸ್ಟ್ ಆಗಿದ್ದರೆ ಮಾತ್ರ ಬೇರೆ ಸೂಪರ್‌ಬ್ಲಾಕ್ ಕೊಟ್ಟು ನೋಡು ಅಂತಲೂ ಹೇಳುತ್ತದೆ. ಇವರು ಬೇರೆ ಸೂಪರ್‌ಬ್ಲಾಕ್ ಇರುವ ಜಾಗ ಅಂತ 32768 ಕೊಟ್ಟು, ಜೊತೆಗೆ ಎಲ್ಲದಕ್ಕೂ ಹೌದು ಅನ್ನುವ ವೈ ಆಪ್ಷನ್ ಹಾಕಿದ್ದಾರೆ. ಆ ಡಿಸ್ಕಿನಲ್ಲಿ ವರ್ಷಗಳ ಹಿಂದೆ ಎಕ್ಸ್ಟ್4 ಇತ್ತು, ಅದರ ಹಳೇ ಸೂಪರ್‌ಬ್ಲಾಕ್ ಇನ್ನೂ ಅಲ್ಲೇ ಬಿದ್ದಿತ್ತು. ಆ ಹಳೇದನ್ನು ನಂಬಿಕೊಂಡು ಈಗಿನ ಡೇಟಾ ಮೇಲೆಲ್ಲ ಬರೆದುಬಿಟ್ಟಿದೆ.

ಸತ್ತಿದೆ ಅಂದ ಡಿಸ್ಕಿನ ಸ್ಮಾರ್ಟ್ ರಿಪೋರ್ಟ್ (ಡಿಸ್ಕ್ ತಾನೇ ಇಡುವ ಆರೋಗ್ಯದ ಲೆಕ್ಕ) ನೋಡಿದರೆ ರೀಅಲೊಕೇಟೆಡ್ ಸೆಕ್ಟರ್ 0, ಪೆಂಡಿಂಗ್ 0, ಅಂದರೆ ಕೆಟ್ಟ ಜಾಗದ ಸುಳಿವೇ ಇಲ್ಲ.

ಹಾಗಾದರೆ ನಿಜವಾದ ತೊಂದರೆ ಏನು ಗೊತ್ತಾ? ಅಪ್‌ಗ್ರೇಡ್‌ನಿಂದ ಹೊಸ ಕರ್ನಲ್ (ಲಿನಕ್ಸ್‌ನ ತಿರುಳು) ಬಂದಮೇಲೆ ಕಾರ್ಡ್ ರೀಡರ್ ಎಸ್‌ಡಿಬಿ ಆಗಿತ್ತು, ನಮ್ಮ ಡಿಸ್ಕ್ ಎಸ್‌ಡಿಸಿ ಆಗಿತ್ತು. ಬೂಟ್ ಆಗುವಾಗ ಯಾವ ಡಿಸ್ಕ್ ಜೋಡಿಸಬೇಕು ಅಂತ ಬರೆದಿಡುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಯುಯುಐಡಿ (ಹೀಗೆ ಬದಲಾಗದ ಗುರುತಿನ ಸಂಖ್ಯೆ) ಬದಲು ಎಸ್‌ಡಿಬಿ1 ಅಂತ ಬರೆದಿದ್ದೆ, ಅದು ನನ್ನದೇ ತಪ್ಪು, ಒಪ್ಪುತ್ತೇನೆ. ಆದರೆ ಅದು ಒಂದು ಸಾಲು ತಿದ್ದುವ ಕೆಲಸ ಅಷ್ಟೇ. ಫೈಲ್ ಸಿಸ್ಟಮ್‌ಗೆ ಏನೂ ಆಗಿರಲಿಲ್ಲ. ಏನೂ ಆಗಿರಲಿಲ್ಲ!

ಫೋನ್ ಮಾಡಿ ಕೇಳಿದರೆ, "ಅಪ್‌ಗ್ರೇಡ್ ಮಾಡಿದ್ದು ನೀವೇ ಅಲ್ವಾ ಅಣ್ಣಾ?" ಎಕ್ಸ್‌ಎಫ್‌ಎಸ್ ಅಂತ ಯಾಕೆ ನೋಡಲಿಲ್ಲ ಅಂದರೆ, "ನೀವು ಹೇಳಬೇಕಿತ್ತು." ಮತ್ತೆ ಕೇಳಿದ್ದಕ್ಕೆ, "ಬ್ಯಾಕಪ್ ಇಟ್ಕೊಳ್ಳದೆ ನಮ್ಮ ಮೇಲೆ ಹಾಕಿದ್ರೆ ಹೆಂಗೆ?" ಹಿಸ್ಟರಿಯ ಫೋಟೊ ವಾಟ್ಸಾಪ್‌ನಲ್ಲಿ ಕಳಿಸಿದೆ. ನೋಡಿದ್ದಾರೆ, ಉತ್ತರ ಇಲ್ಲ.

ನೀವಾದರೂ ಹುಷಾರಾಗಿರಿ. ಯಾರೇ ಬರಲಿ, ಮೊದಲು ಬಿಎಲ್‌ಕೆಐಡಿ ಹಾಕಿಸಿ, ಎಫ್‌ಎಸ್‌ಟ್ಯಾಬ್ ತೆಗೆಸಿ, ಜರ್ನಲ್ (ಸಿಸ್ಟಮ್ ಬರೆದಿಡುವ ಲಾಗ್) ಓದಿಸಿ. ಡಿಡಿರೆಸ್ಕ್ಯೂನಿಂದ ಇನ್ನೊಂದು ಡಿಸ್ಕಿಗೆ ಪೂರ್ತಿ ಕಾಪಿ ತೆಗೆಯುವ ತನಕ ರಿಪೇರಿ ಅನ್ನುವ ಮಾತೇ ಬೇಡ. ವೈ ಹಾಕಲು ಹೋದರೆ ಕೀಬೋರ್ಡ್ ಕಿತ್ತುಕೊಳ್ಳಿ.

ಹೋದ ಫೈಲ್‌ಗಳನ್ನು ಹುಡುಕಿ ತೆಗೆಯುವ ಫೋಟೊರೆಕ್ ಓಡಿಸಿ ಸ್ವಲ್ಪ ವಾಪಸ್ ತೆಗೆದಿದ್ದೇನೆ. ಹೆಸರಿಲ್ಲ, ತಾರೀಕಿನ ಫೋಲ್ಡರ್ ಇಲ್ಲ, ಎಷ್ಟೋ ಫೋಟೊ ಅರ್ಧಕ್ಕೆ ಬೂದು ಬಣ್ಣ. ಎರಡು ಮನೆಗೆ ಹೋಗಿ ಕೈ ಮುಗಿದು ಬಂದೆ. ಮೂರನೇ ಮನೆಗೆ ಇವತ್ತು ಸಂಜೆ ಹೋಗಬೇಕು. ಅವರ ಮುಹೂರ್ತದ ಒಂದು ಫೋಟೊ ಕೂಡ ಸಿಕ್ಕಿಲ್ಲ.