ಪರದೆ ಇಲ್ಲದ ಎರಡು ಕ್ಯಾಮೆರಾಗಳು: ಬ್ಯಾಟರಿ ಉಳಿಯುವುದು ಯಾವುದರಲ್ಲಿ?

ಕ್ಯಾಮೆರಾದಲ್ಲಿ ದೃಶ್ಯ ತೋರಿಸುವ ದೊಡ್ಡ ಪರದೆಯೇ ಇಲ್ಲ, ಆ ಕೆಲಸ ಫೋನಿನದು ಎಂದರೆ ಬ್ಯಾಟರಿ ಹೆಚ್ಚು ಹೊತ್ತು ಬರಬೇಕಲ್ಲವೇ? ಸೋನಿಯ ಕ್ಯೂಎಕ್ಸ್100 (2013) ಮತ್ತು ಡಿಎಕ್ಸ್‌ಒ ಕಂಪನಿಯ ವನ್ (2015) ಎರಡನ್ನೂ ಬಳಸಿ ನೋಡಿದ ಮೇಲೆ ಹೇಳುತ್ತೇನೆ: ಬ್ಯಾಟರಿಯ ಖರ್ಚು ಇಳಿಯುವುದಿಲ್ಲ, ಅದರಲ್ಲಿ ಬಹುಪಾಲು ಫೋನಿನ ತಲೆಗೆ ಬೀಳುತ್ತದೆ.

ಎರಡರಲ್ಲೂ ಒಂದು ಇಂಚಿನ, 20.2 ಮೆಗಾಪಿಕ್ಸೆಲ್ ಸೆನ್ಸರ್ (ಬೆಳಕನ್ನು ಚಿತ್ರವಾಗಿಸುವ ಭಾಗ). ಹಗಲಿನ ಚಿತ್ರಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ನನಗೆ ಕಾಣಲಿಲ್ಲ. ಪೈಪೋಟಿ ಇರುವುದು ಫೋನಿಗೆ ಸೇರಿಕೊಳ್ಳುವ ಬಗೆಯಲ್ಲಿ.

ಕ್ಯೂಎಕ್ಸ್100 ವೈಫೈ ನಂಬಿದೆ. ದೃಶ್ಯ ಫೋನಿನಲ್ಲಿ ಕಾಣಬೇಕಾದರೆ ಸೆನ್ಸರ್ ಬಿಡುವಿಲ್ಲದೆ ದುಡಿಯಬೇಕು, ಬಂದದ್ದನ್ನು ಕುಗ್ಗಿಸಿ ರೇಡಿಯೊ ಮೂಲಕ ಕಳುಹಿಸಬೇಕು. ಅತ್ತ ಫೋನ್ ಅದನ್ನು ಬಿಡಿಸಿ ತೋರಿಸಬೇಕು. ಬಿಸಿಲಿನಲ್ಲಿ ಪರದೆಯ ಬೆಳಕನ್ನು ಪೂರ್ತಿ ಏರಿಸಿದರೆ ಫೋನ್ ಬಿಸಿಯಾಗುವುದು ಅಂಗೈಗೇ ಗೊತ್ತಾಗುತ್ತದೆ. ಕ್ಯಾಮೆರಾದ 630 ಎಂಎಎಚ್ ಬ್ಯಾಟರಿಗೆ ಕಂಪನಿಯೇ ಕೊಟ್ಟ ಲೆಕ್ಕ ಸುಮಾರು 200 ಚಿತ್ರಗಳು. ಆದರೆ ಆ ಬ್ಯಾಟರಿ ಬಿಸ್ಕತ್ತಿನಷ್ಟು ತೆಳುವು. ಜೇಬಿನಲ್ಲಿ ಇನ್ನೊಂದಿದ್ದರೆ ಮುಚ್ಚಳ ತೆಗೆದು ಬದಲಿಸಿಕೊಳ್ಳಬಹುದು. ಫೋನಿನ ಚಾರ್ಜಿಂಗ್ ಕಿಂಡಿಯೂ ಖಾಲಿ ಇರುವುದರಿಂದ ಪವರ್ ಬ್ಯಾಂಕ್ ಚುಚ್ಚಿಕೊಂಡೇ ಕೆಲಸ ಮುಂದುವರಿಸಬಹುದು.

ಡಿಎಕ್ಸ್‌ಒ ವನ್‌ನದು ಬೇರೆ ದಾರಿ. ಲೆನ್ಸಿನ ಮುಚ್ಚಳವನ್ನು ಕೆಳಕ್ಕೆ ಜಾರಿಸಿದರೆ ಕ್ಯಾಮೆರಾ ಎಚ್ಚರವಾಗುತ್ತದೆ. ಇನ್ನೂ ಸ್ವಲ್ಪ ಒತ್ತಿದರೆ ಪಕ್ಕದಿಂದ ಲೈಟ್ನಿಂಗ್ ಪಿನ್ (ಹಳೆಯ ಐಫೋನುಗಳ ಚಾರ್ಜಿಂಗ್ ಕಿಂಡಿಗೆ ಹೊಂದುವಂಥದ್ದು) ಹೊರಚಾಚುತ್ತದೆ. ಅದನ್ನು ಐಫೋನಿಗೆ ಸಿಕ್ಕಿಸಿದರೆ ಆಯಿತು. ನೆಟ್‌ವರ್ಕ್ ಹುಡುಕುವ ಕಾಯುವಿಕೆ ಇಲ್ಲ, ಓಡುವ ಮಗು ಚೌಕಟ್ಟಿನೊಳಗೇ ಸಿಗುತ್ತದೆ. ಜೂಮ್ ಇಲ್ಲ, ಹಾಗಾಗಿ ಜೂಮ್ ಮೋಟಾರಿನ ಖರ್ಚೂ ಇಲ್ಲ. ತೂಕ 108 ಗ್ರಾಂ ಮಾತ್ರ, ಸೋನಿಯದು 179. ಸೆನ್ಸರ್ ಹಿಡಿದದ್ದನ್ನು ಸಂಸ್ಕರಿಸದೆ ಉಳಿಸುವ ರಾ (RAW) ಕಡತವೂ ಸಿಗುತ್ತದೆ, ಸೋನಿಯದರಲ್ಲಿ ಅದಿಲ್ಲ.

ಅನುಕೂಲದ ಬೆನ್ನಿಗೇ ತೊಡಕೂ ಇದೆ. ಪಿನ್ ಕೂತ ಕಿಂಡಿಯಲ್ಲಿ ಚಾರ್ಜರ್ ಕೂರದು. ಕ್ಯಾಮೆರಾದ ಬ್ಯಾಟರಿ ಒಳಗೇ ಬೆಸೆದಿರುವುದರಿಂದ ಮುಗಿದರೆ ಚಾರ್ಜಾಗುವ ತನಕ ಕಾಯಬೇಕು.

ದಿನವಿಡೀ ಸುತ್ತುವುದಿದ್ದರೆ ನನ್ನ ಆಯ್ಕೆ ಕ್ಯೂಎಕ್ಸ್100, ಎರಡು ಬ್ಯಾಟರಿಗಳೊಂದಿಗೆ. ಸಂಜೆಯ ಒಂದು ಗಂಟೆಯ ಕಾರ್ಯಕ್ರಮಕ್ಕಾದರೆ ಡಿಎಕ್ಸ್‌ಒ. ಇವತ್ತು ಬಳಸಿದ ಡಿಎಕ್ಸ್‌ಒ ಕೊಳ್ಳುವವರು ಇನ್ನೊಂದನ್ನು ಗಮನಿಸಬೇಕು: 2023ರ ಐಫೋನ್ 15ರಿಂದ ಲೈಟ್ನಿಂಗ್ ಕಿಂಡಿಯೇ ಹೋಗಿದೆ, ಬೆಸೆದ ಬ್ಯಾಟರಿಗೂ ವಯಸ್ಸಾಗಿದೆ.